ಏಳನೆಯ ಅನುಮಾನ

ಆ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರಮ್ಮನಿಗೆ ಎರಡು ಹೆಸರಿದ್ದವು. ಒಂದು ಹಾಜರಿ ಪುಸ್ತಕದಲ್ಲಿರುವುದು. ಅದು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಇನ್ನೊಂದು ‘ಡೌಟಮ್ಮ’. ಇದು ನರ್ಸುಗಳು ಇಟ್ಟದ್ದು. ಬೆನ್ನ ಹಿಂದೆ ಮಾತ್ರ ಬಳಸುತ್ತಿದ್ದರು. ಬೆನ್ನ ಹಿಂದೆ ತನ್ನನ್ನು ಹೀಗೆ ಏನೋ ಒಂದು ಕರೆಯುತ್ತಾರೆ ಎಂಬ ಡೌಟು ಡಾಕ್ಟರಮ್ಮನಿಗೂ ಇತ್ತು.

ಎದೆ ಉರಿ ಎಂದು ಬಂದವರಿಗೆ ಇಸಿಜಿ. ಹಲ್ಲುನೋವು ಎಂದು ಬಂದವರಿಗೂ ಇಸಿಜಿ. ‘ಏನೂ ಇಲ್ಲ ಡಾಕ್ಟ್ರೇ, ನನ್ನ ಹೆಂಡ್ತಿ ಬಲವಂತ ಮಾಡಿ ಕರ್ಕೊಂಡು ಬಂದ್ಲು’ ಎಂದು ನಗುವವರಿಗೆ ಎರಡು ಸಲ ಇಸಿಜಿ. ಕೇಸ್ ಶೀಟಿನಲ್ಲಿ ಮೊದಲು ಅತಿ ಕೆಟ್ಟ ಸಾಧ್ಯತೆ ಬರೆಯಬೇಕು, ಅದನ್ನು ಹೊಡೆದು ಹಾಕಿದ ಮೇಲೆ ಅದಕ್ಕಿಂತ ಕಡಿಮೆ ಕೆಟ್ಟದ್ದು, ಕಟ್ಟಕಡೆಗೆ ಜಾಗ ಉಳಿದಿದ್ದರೆ ‘ಗ್ಯಾಸ್ ಇರಬಹುದು’. ಈ ಕ್ರಮ ಎಮರ್ಜೆನ್ಸಿಯ ಎಲ್ಲ ಡಾಕ್ಟರುಗಳದ್ದೇ. ಆದರೆ ಉಳಿದವರು ಮನೆಗೆ ಹೋಗುವಾಗ ಅದನ್ನು ಬಿಳಿ ಕೋಟಿನ ಜೊತೆ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದರು. ಡಾಕ್ಟರಮ್ಮ ಕೋಟು ಮಾತ್ರ ನೇತುಹಾಕುತ್ತಿದ್ದರು. ಮನೆಯಲ್ಲಿ ಹಾಲಿನ ಪಾತ್ರೆ ಮೂಸಿ, ಅತ್ತೆಯ ಕೈಗೂ ಕೊಟ್ಟು ಮೂಸಿಸಿ, ಕೊನೆಗೆ ಎರಡನೇ ಅಭಿಪ್ರಾಯಕ್ಕೆಂದು ಗಂಡನನ್ನು ಕರೆಯುತ್ತಿದ್ದರು. ತಲೆನೋವು ಎಂದರೆ ಟಾರ್ಚ್ ಹಿಡಿದು ಕಣ್ಣಿನೊಳಗೆ ನೋಡುತ್ತಾರೆಂದು ಆ ಗಂಡ ಪಾಪ, ತನ್ನ ತಲೆನೋವುಗಳನ್ನೆಲ್ಲ ಆಫೀಸಿನಲ್ಲೇ ಮುಗಿಸಿಕೊಂಡು ಬರುವುದನ್ನು ಕಲಿತಿದ್ದರು.

ಹುಟ್ಟುವಾಗಲೇ ಹೀಗೇನೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ, ಒಬ್ಬ ಬಡಗಿ ಭುಜ ಹಿಡಿದುಕೊಂಡಿದೆ ಎಂದು ಬಂದ. ನಗುನಗುತ್ತಲೇ ಇದ್ದ. ‘ನಾನು ಮಾಡಿದ ಬಾಗಿಲುಗಳೇ ಹೀಗೆ ಹಿಡ್ಕೊಳ್ಳೋಲ್ಲ ಡಾಕ್ಟ್ರೇ’ ಎಂದು ತಮಾಷೆ ಬೇರೆ ಮಾಡಿದ. ಹೊಸ ಡಾಕ್ಟರಮ್ಮ ನಕ್ಕು, ನೋವಿನ ಮಾತ್ರೆ ಬರೆದು ಕಳಿಸಿದರು. ಅವನು ಎದ್ದು ನಿಲ್ಲುವ ಹೊತ್ತಿಗೆ ಸ್ಟ್ರೆಚರ್ ತಳ್ಳುವ ಅಟೆಂಡರ್, ಯಾರೂ ಕೇಳದೆ ಇದ್ದರೂ, ಗಾಲಿಕುರ್ಚಿ ತಂದು ಅವನ ಹಿಂದೆ ನಿಲ್ಲಿಸಿದ.

“ಬೇಡ, ಅವರು ನಡೀತಾರೆ” ಎಂದರು ಡಾಕ್ಟರಮ್ಮ.

ಬಡಗಿ ನಡೆದ. ಗೇಟಿನವರೆಗೆ.

ಅವನನ್ನು ವಾಪಸು ಮಲಗಿಸಿಕೊಂಡು ಓಡಿ ಬಂದವನೂ ಅದೇ ಅಟೆಂಡರ್. ಉಪಯೋಗವಾಗಲಿಲ್ಲ. ಅಟೆಂಡರ್ ಆ ದಿನ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಒಂದು ಮಾತು ಅಂದಿದ್ದರೆ ಡಾಕ್ಟರಮ್ಮನಿಗೆ ಹಗುರಾಗುತ್ತಿತ್ತೋ ಏನೋ.

ಆ ಅಟೆಂಡರನ್ನು ಇಡೀ ಆಸ್ಪತ್ರೆ ‘ಗಾಲಿಯಣ್ಣ’ ಎಂದು ಕರೆಯುತ್ತಿತ್ತು. ಎಮರ್ಜೆನ್ಸಿಯ ಬಾಗಿಲೇ ಅವನ ಜಾಗ. ಗಾಡಿ ಬಂದು ನಿಂತು, ಒಳಗಿದ್ದವರು ಇಳಿದು, ಬಾಗಿಲಿಗೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಅವನ ತೀರ್ಪು ಬರುತ್ತಿತ್ತು. ಅವನ ಬಳಿ ಇದ್ದದ್ದು ಮೂರೇ ತೀರ್ಪು: ‘ನಡೀತಾರೆ’, ‘ಕುರ್ಚಿ’, ‘ಮಲಗ್ಸಿ’. ಜೋರಾಗಿ ಕೂಗುವವರಿಗೆ ಕುರ್ಚಿ. ಕೂಗದೆ ಬಾಗಿಲ ಚೌಕಟ್ಟನ್ನು ಎರಡು ಬೆರಳಲ್ಲಿ ಮುಟ್ಟಿ ನಿಲ್ಲುವವರಿಗೆ ಸ್ಟ್ರೆಚರ್. ಹೇಗೆ ಗೊತ್ತಾಗುತ್ತದೆ ಎಂದರೆ, “ಗೊತ್ತಾಗುತ್ತೆ ಮೇಡಂ, ಮೂವತ್ತು ವರ್ಷದಿಂದ ತಳ್ತಿದ್ದೀನಲ್ಲ. ತೂಕ ಕಣ್ಣಿಗೇ ಸಿಗುತ್ತೆ” ಎನ್ನುತ್ತಿದ್ದ.

ಡಾಕ್ಟರಮ್ಮ ಒಂದು ವರ್ಷ ಇದನ್ನು ಗುಟ್ಟಾಗಿ ನೋಟ್‌ಬುಕ್ಕಿನಲ್ಲಿ ಬರೆದರು. ಬಾಗಿಲಲ್ಲಿ ಗಾಲಿಯಣ್ಣ ಏನಂದ, ಒಳಗೆ ಪರೀಕ್ಷೆಗಳು ಏನಂದವು. ಹತ್ತರಲ್ಲಿ ಒಂಬತ್ತು ಸಲ ಎರಡೂ ಹೊಂದುತ್ತಿದ್ದವು. ಇಂಥ ಫಲಿತಾಂಶ ಬಂದರೆ ಬೇರೆಯವರು ಕುಣಿಯುತ್ತಾರೆ. ಡಾಕ್ಟರಮ್ಮ, ತಾನೇ ಎಲ್ಲೋ ತಪ್ಪು ಬರೆದಿದ್ದೇನೆಂದು ಆ ನೋಟ್‌ಬುಕ್ಕನ್ನು ಮೊದಲಿಂದ ಪರೀಕ್ಷಿಸಿದರು.

ಗಾಲಿಯಣ್ಣನ ಡೌಟು ಬೇರೆ. ತಾನು ಬಾಗಿಲಲ್ಲಿ ನಿಂತಾಗಲೆಲ್ಲ ಡಾಕ್ಟರಮ್ಮ ಕಂಬದ ಮರೆಯಿಂದ ನೋಡಿ ಏನೋ ಗೀಚಿಕೊಳ್ಳುವುದನ್ನು ಅವನೂ ಕಂಡಿದ್ದ. ಒಂದು ದಿನ ಕೇಳಿಯೇಬಿಟ್ಟ.

“ನನ್ನ ಮೇಲೆ ಏನು ಬರೀತಿದ್ದೀರಿ ಮೇಡಂ? ಮೇಲಿನವರು ಹೇಳಿದ್ದಾರಾ?”

“ಒಳ್ಳೇದೇ ಬರೀತಿದ್ದೀನಿ ಗಾಲಿಯಣ್ಣ.”

“ಒಳ್ಳೇದು ಬರೆಯೋಕೆ ಕಂಬದ ಹಿಂದೆ ಯಾಕೆ ನಿಲ್ತೀರಿ?”

ಡಾಕ್ಟರಮ್ಮ ನೋಟ್‌ಬುಕ್ಕನ್ನು ಕೋಟಿನ ಜೇಬಿಗೆ ಸೇರಿಸಿದರು. ಅವನಿಗಿದ್ದ ಮೇಲಿನವರ ಭಯ ಮಾತ್ರ ಸುಳ್ಳಲ್ಲ. ವಿಭಾಗದ ಮುಖ್ಯಸ್ಥರಿಗೆ, ಎಂದರೆ ಎಲ್ಲರೂ ‘ದೊಡ್ಡ ಡಾಕ್ಟ್ರು’ ಎನ್ನುವವರಿಗೆ, ಬಾಗಿಲಲ್ಲಿ ಒಂದು ಯಂತ್ರ ಇಡಿಸುವ ಆಸೆ. ರೋಗಿ ಬಂದು ಪರದೆ ಮುಟ್ಟಿ, ‘ನೋವು ಎಲ್ಲಿ?’, ‘ಎಷ್ಟು?’ ಎಂಬುದಕ್ಕೆಲ್ಲ ಬೆರಳಲ್ಲಿ ಉತ್ತರ ಒತ್ತಬೇಕು. ಯಂತ್ರ ಚೀಟಿ ಕೊಡುತ್ತದೆ. ದೊಡ್ಡ ಡಾಕ್ಟ್ರು ನಾಮಫಲಕದಲ್ಲಿ ಡಿಗ್ರಿಗಳು ಹಿಡಿಯದೆ ಆಗಲೇ ಎರಡನೇ ಫಲಕ ಹೊಡೆಸಿದ್ದರು. ಯಂತ್ರ ಬಂದರೆ ಉದ್ಘಾಟನೆಯ ಕಲ್ಲೊಂದು ಸಿಗುತ್ತದೆ, ಅದರಲ್ಲಿ ಜಾಗ ಜಾಸ್ತಿ. ಗಾಲಿಯಣ್ಣನನ್ನು ಬಟ್ಟೆ ಒಗೆಯುವ ಕಡೆಗೆ ಹಾಕುವುದೆಂದೂ ತೀರ್ಮಾನವಾಗಿತ್ತು.

ಅದನ್ನು ತಡೆಯಲು ಕಂಬದ ಮರೆಯ ನೋಟ್‌ಬುಕ್ ಸಾಲದು. ಸರಿಯಾದ ಅಧ್ಯಯನ ಬೇಕು. ಪ್ರತಿ ಪಾಳಿಯಲ್ಲೂ ಬರೆದುಕೊಳ್ಳುವವರು ಬೇಕು, ಲೆಕ್ಕ ಹಾಕುವ ತಜ್ಞರು ಬೇಕು. ಅದಕ್ಕೆ ಸರ್ಕಾರದ ಸಂಶೋಧನಾ ಅನುದಾನವೊಂದೇ ದಾರಿ. ಆ ದಾರಿಗೆ ಡಾಕ್ಟರಮ್ಮ, ಯಂತ್ರದ ಮಾತು ಬರುವ ಮುಂಚಿನಿಂದಲೇ, ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದರು.

ಮೊದಲನೇ ಸಲ ಅರ್ಜಿಯನ್ನು ಕೇಸ್ ಶೀಟಿನ ಹಾಗೇ ಬರೆದಿದ್ದರು. ಬೇರೆ ಥರ ಬರೆಯಲು ಅವರಿಗೆ ಬರುತ್ತಲೇ ಇರಲಿಲ್ಲ. ಮೊದಲ ಪುಟದಲ್ಲಿ ‘ಈ ಅಧ್ಯಯನ ತಪ್ಪಾಗಿರಲು ಕಾರಣಗಳು’ ಎಂದು ಹನ್ನೆರಡು. ಅದರಲ್ಲಿ ಮೊದಲನೆಯದೇ ‘ಅಟೆಂಡರ್‌ಗೆ ಅದೃಷ್ಟ ಚೆನ್ನಾಗಿರಬಹುದು, ಅಷ್ಟೆ’. ಪ್ರಯೋಜನಗಳು ಕಡೇ ಪುಟದಲ್ಲಿ ಎರಡು ಸಾಲು, ಎರಡರಲ್ಲೂ ‘ಬಹುಶಃ’. ಉತ್ತರ ಬಂತು: ‘ಅರ್ಜಿದಾರರಿಗೇ ತಮ್ಮ ಅಧ್ಯಯನದಲ್ಲಿ ನಂಬಿಕೆ ಇರುವಂತೆ ಕಾಣುವುದಿಲ್ಲ.’

ಎರಡನೇ ಸಲ ದೊಡ್ಡ ಡಾಕ್ಟ್ರು ತಾವಾಗಿಯೇ ಪಾಠ ಹೇಳಿದರು. ಆಗ ಯಂತ್ರದ ಆಸೆ ಇನ್ನೂ ಹುಟ್ಟಿರಲಿಲ್ಲ. “ಅಲ್ರೀ, ಅರ್ಜಿ ಅಂದ್ರೆ ಹೆಣ್ಣು ತೋರ್ಸೋ ಶಾಸ್ತ್ರ ಇದ್ದ ಹಾಗೆ. ಹುಡುಗಿಗೆ ಗೊರಕೆ ಇದೆ ಅಂತ ಯಾರಾದ್ರೂ ಮೊದ್ಲೇ ಹೇಳ್ತಾರೇನ್ರೀ? ‘ಕ್ರಾಂತಿಕಾರಿ’ ಅಂತ ಬರೀರಿ. ‘ಜಗತ್ತಿನಲ್ಲೇ ಮೊದಲು’ ಅಂತ ಬರೀರಿ.” ಹಲ್ಲು ಕಚ್ಚಿಕೊಂಡು ಬರೆದರು. ಉತ್ತರ: ‘ಜಗತ್ತಿನಲ್ಲೇ ಮೊದಲು ಎಂಬುದಕ್ಕೆ ಆಧಾರವೇನು?’ ಡಾಕ್ಟರಮ್ಮನಿಗೂ ಅದೇ ಡೌಟಿದ್ದುದರಿಂದ ಬೇಜಾರಾಗಲಿಲ್ಲ.

ಮೂರನೇ ಸಲ ‘ಅನುಬಂಧ ಐದು ಲಗತ್ತಿಸಿಲ್ಲ’ ಎಂದು ವಾಪಸು ಬಂತು. ಅರ್ಜಿಯ ನಮೂನೆಯಲ್ಲಿ ಅನುಬಂಧಗಳಿದ್ದುದೇ ನಾಲ್ಕು.

ನಾಲ್ಕನೇ ಸಲ ಬರೆಯುವಾಗ ಡಾಕ್ಟರಮ್ಮ ಎಲ್ಲ ಆಸೆ ಬಿಟ್ಟಿದ್ದರು. ನಲವತ್ತೈದು ದಾಟಿದವರಿಗೆ ಆ ಅನುದಾನ ಇಲ್ಲ. ಅವರಿಗೆ ಮುಂದಿನ ತಿಂಗಳು ನಲವತ್ತೈದು ತುಂಬುತ್ತಿತ್ತು. ಹೇಗೂ ಕಡೇ ಸಲ, ಮರ್ಯಾದೆಯಿಂದಲೇ ಸೋಲೋಣ ಎಂದು ತಮ್ಮ ಹಳೇ ಕ್ರಮಕ್ಕೇ ಮರಳಿದರು. ಹನ್ನೆರಡು ಕಾರಣಗಳಿದ್ದದ್ದು ಹದಿನೈದಾಯಿತು.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಇ-ಮೇಲ್ ಬಂತು. ತಲೆಬರಹ: ‘ಅತಿ ತುರ್ತು – ಅಭಿನಂದನೆಗಳು!!’

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಅದನ್ನು ರೋಗಿಯನ್ನು ಪರೀಕ್ಷಿಸುವಂತೆ ಪರೀಕ್ಷಿಸಿದರು. ಲಕ್ಷಣ ಒಂದು: ಸರ್ಕಾರ ಯಾರನ್ನೂ ಅಭಿನಂದಿಸುವುದಿಲ್ಲ, ಅದರಲ್ಲೂ ಎರಡು ಆಶ್ಚರ್ಯಸೂಚಕ ಹಾಕಿ. ಎರಡು: ‘ಮಾನ್ಯ ಮಹೋದಯರೇ’ ಎಂದಿದೆ, ತಾನು ಹೆಂಗಸು. ಮೂರು: ಕಳಿಸಿದವರ ವಿಳಾಸ, ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಬಿಟ್ಟಿಯಾಗಿ ಮಾಡಿಕೊಳ್ಳುವಂಥದ್ದು, ಕೊನೆಯಲ್ಲಿ ನಾಲ್ಕು ಅಂಕಿ. ನಾಲ್ಕು: ಜೊತೆಗೆ ಲಗತ್ತಿಸಿದ ಪತ್ರದ ಮೊಹರು ಸೊಟ್ಟ. ಐದು: ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಬ್ಯಾಂಕ್ ವಿವರ ಮತ್ತು ಒಪ್ಪಿಗೆ ಪತ್ರ ತಲುಪದಿದ್ದರೆ ಮಂಜೂರಾತಿ ರದ್ದು. ಇಷ್ಟು ಲಕ್ಷಣ ಸಾಕು. ರೋಗ ಖಚಿತ. ಪತ್ರವನ್ನು ಕಸದ ಡಬ್ಬಿಗೆ ಹಾಕಿ, ಆ ವಿಳಾಸದಿಂದ ಮುಂದೆ ಏನೂ ಬರದ ಹಾಗೆ ತಡೆದರು.

ಹೀಗೆ ಮಾಡಲು ಅವರಿಗೆ ಕಾರಣವಿತ್ತು. ಹಿಂದಿನ ತಿಂಗಳಷ್ಟೇ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ವಂಚಕರ ಕೈಗೆ ಸಿಕ್ಕಿ, ಬಿಪಿ ಆಕಾಶಕ್ಕೇರಿಸಿಕೊಂಡು ಎಮರ್ಜೆನ್ಸಿಗೆ ಬಂದಿದ್ದರು. ಅವತ್ತೇ ಮನೆಗೆ ಹೋಗಿ ಡಾಕ್ಟರಮ್ಮ ಟೆಲಿಫೋನಿನ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು: ‘ಅವಸರ ಮಾಡುವವನು ಕಳ್ಳ. ಅಭಿನಂದಿಸುವವನು ಕಳ್ಳ. ಬ್ಯಾಂಕ್ ಎಂದವನು ದೊಡ್ಡ ಕಳ್ಳ. ನನ್ನದೇ ಧ್ವನಿಯಲ್ಲಿ ಮಾತಾಡಿದರೂ ನಂಬಬೇಡಿ, ಈಗ ಧ್ವನಿಯನ್ನೂ ಕದಿಯುತ್ತಾರೆ.’

ಅತ್ತೆ ಆ ಕಾಗದವನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಮಂಗಳವಾರ ಸಂಜೆ ಡಾಕ್ಟರಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಅತ್ತೆಯ ವರದಿ ಶುರುವಾಯಿತು.

“ಇವತ್ತು ಒಬ್ಬನ್ನ ಚೆನ್ನಾಗಿ ಬೆಂಡೆತ್ತಿದೆ ಕಣೇ.”

“ಯಾರನ್ನ ಅತ್ತೆ?”

“ಅದೇ, ಕಳ್ಳನ್ನ. ನಿನಗೆ ಸರ್ಕಾರ ದುಡ್ಡು ಕೊಟ್ಟಿದೆಯಂತೆ! ನಾನು ಕೇಳ್ದೆ, ಯಾಕಪ್ಪಾ, ಸರ್ಕಾರಕ್ಕೆ ನನ್ನ ಸೊಸೆ ಮೇಲೆ ಏನು ಇದ್ದಕ್ಕಿದ್ದ ಹಾಗೆ ಮಮತೆ, ಅಂತ. ಸಂಶೋಧನೆಗೆ ಅಂದ. ಅವಳು ಅನ್ನಕ್ಕೆ ಎಷ್ಟು ನೀರು ಅಂತ ಇನ್ನೂ ಸಂಶೋಧನೆ ಮಾಡ್ತಾ ಇದ್ದಾಳೆ, ಅದು ಮುಗೀಲಿ, ಆಮೇಲೆ ಕೊಡು ಅಂದೆ.”

“ಅತ್ತೆ!”

“ಫೋನ್ ಇಡೋ ಮುಂಚೆ ‘ದಯವಿಟ್ಟು ಅಮ್ಮಾ’ ಅಂತ ಬೇಡ್ಕೊಂಡ. ಒಳ್ಳೇ ನಟ.”

ಸಂಶೋಧನೆ ಎಂಬ ಮಾತು ಕೇಳಿ ಡಾಕ್ಟರಮ್ಮನ ಎದೆಯಲ್ಲಿ ಏನೋ ಒಂದು ಸಣ್ಣಗೆ ಚುಚ್ಚಿತು. ಆದರೆ ಅದು ಆಸೆ ಎಂದು ಗುರುತು ಹತ್ತಲಿಲ್ಲ. ಗ್ಯಾಸ್ ಇರಬಹುದೆಂದುಕೊಂಡರು.

ಬುಧವಾರ ಆ ನಟ ಅವರ ಮೊಬೈಲಿಗೇ ಬಂದ. ಡಾಕ್ಟರಮ್ಮ ಒಂದು ಕೈಯಲ್ಲಿ ಯಾರದೋ ನಾಡಿ ಹಿಡಿದುಕೊಂಡೇ ಮಾತಾಡಿದರು.

“ಮೇಡಂ, ನಾನು ಸಂಶೋಧನಾ ಅನುದಾನ ಕಚೇರಿಯ ಗುಮಾಸ್ತ. ನಿಮ್ಮ ಬ್ಯಾಂಕಿನ ವಿವರ...”

“ನಿಮ್ಮ ವಯಸ್ಸೆಷ್ಟು?”

“ಐವತ್ತೊಂದು ಮೇಡಂ. ಯಾಕೆ?”

“ಈ ವಯಸ್ಸಲ್ಲಿ ಇಂಥ ಕೆಲಸ ಮಾಡೋಕೆ ನಾಚಿಕೆ ಆಗೋಲ್ವಾ?”

“ಆಗುತ್ತೆ ಮೇಡಂ. ಆದ್ರೆ ಇಪ್ಪತ್ತೆಂಟು ವರ್ಷದಿಂದ ಇದೇ ಮಾಡ್ತಿದ್ದೀನಿ, ಬೇರೆ ಕೆಲಸ ಬರೋಲ್ಲ.”

ಡಾಕ್ಟರಮ್ಮ ಆ ನಂಬರನ್ನೂ ತಡೆದರು. ನಾಡಿ ಹಿಡಿಸಿಕೊಂಡವನು, “ಡಾಕ್ಟ್ರೇ, ನನಗೇನಾದ್ರೂ ಸೀರಿಯಸ್ಸಾ?” ಎಂದು ಕೇಳಿದ. ಎಣಿಕೆ ತಪ್ಪಿತ್ತು, ಮೊದಲಿಂದ ಎಣಿಸಿದರು.

ಗುರುವಾರ ಮಾತ್ರ ತಡೆಯಲಾಗಲಿಲ್ಲ. ಆ ‘ನಾಚಿಕೆ ಆಗುತ್ತೆ’ ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಿರಿಕಿರಿ ಮಾಡುತ್ತಿತ್ತು. ವಂಚಕರು ಯಾವತ್ತೂ ನಾಚಿಕೆ ಒಪ್ಪಿಕೊಳ್ಳುವುದಿಲ್ಲ. ಹಳೇ ಅರ್ಜಿಯ ಮೇಲಿದ್ದ ಕಚೇರಿಯ ನಂಬರಿಗೆ ತಾವೇ ಫೋನ್ ಮಾಡಿದರು. ಅರ್ಧ ಗಂಟೆ ಬರೀ ರಿಂಗಾಯಿತು, ಆಮೇಲೆ ಯಾರೋ ಎತ್ತಿ, ಹಾಗೇ ಕೆಳಗಿಟ್ಟರು. ಕಚೇರಿ ಅಸಲಿ ಎಂಬುದಷ್ಟೇ ಇದರಿಂದ ಖಾತ್ರಿಯಾಯಿತು. ಶನಿವಾರ ರಜೆ ಇದೆ, ಖುದ್ದಾಗಿ ಹೋಗಿ ನೋಡೋಣ ಎಂದುಕೊಂಡರು. ಶನಿವಾರದ ಮುಂಚೆ ಶುಕ್ರವಾರ ಬರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ; ಪತ್ರವೇ ಸುಳ್ಳಾದ ಮೇಲೆ ಅದರಲ್ಲಿರುವ ಗಡುವಿಗೆ ಹೆದರಿದರೆ ಮೋಸ ಹೋದಂತೆಯೇ ಅಲ್ಲವೇ?

ಶುಕ್ರವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಎಮರ್ಜೆನ್ಸಿಯ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಂಕುಳಲ್ಲಿ ರಟ್ಟಿನ ಫೈಲು. ಡಾಕ್ಟರಮ್ಮನ ಕೈ ತಾನಾಗಿಯೇ ಇಸಿಜಿ ಕಡೆಗೆ ಹೋಯಿತು. ಬಾಗಿಲಲ್ಲಿದ್ದ ಗಾಲಿಯಣ್ಣ ಡಾಕ್ಟರಮ್ಮನ ಕಡೆ ತಿರುಗದೆಯೇ ಹೇಳಿದ:

“ನಡೀತಾರೆ. ರೋಗಿನೇ ಅಲ್ಲ ಮೇಡಂ, ಕಚೇರಿಯವರು.”

“ಅದು ಹೇಗೆ ಹೇಳ್ತೀರಿ?”

“ರೋಗಿ ಒಳಗೆ ಬಂದ ಕೂಡ್ಲೇ ಮನುಷ್ಯರ ಮುಖ ಹುಡುಕ್ತಾನೆ. ಇವರು ಬಂದವರೇ ಗೋಡೆ ಗಡಿಯಾರ ನೋಡಿದ್ರು.”

ಆ ಮನುಷ್ಯ ಡಾಕ್ಟರಮ್ಮನ ಮುಂದೆ ಬಂದು ಕೈಮುಗಿದ. “ನಾನೇ ಮೇಡಂ. ನಾಚಿಕೆ ಇಲ್ಲದವನು.”

ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ವಂಚಕರು ಈಗ ಮನೆ ಬಾಗಿಲಿಗೂ ಬರುತ್ತಾರೆಂದು ಕೇಳಿದ್ದರು. ಆಸ್ಪತ್ರೆಗೂ ಬರುತ್ತಾರೆಂದು ಕೇಳಿರಲಿಲ್ಲ. ಗಾಲಿಯಣ್ಣನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. “ಸರಿಯಾಗಿ ನೋಡಿ ಹೇಳಿ. ಕಳ್ಳ ಅಲ್ವಾ?”

ಗಾಲಿಯಣ್ಣ ಒಮ್ಮೆ ತಲೆಯಿಂದ ಚಪ್ಪಲಿವರೆಗೆ ನೋಡಿದ. “ಕಳ್ಳ ಆಗಿದ್ರೆ ಇಷ್ಟೊತ್ತಿಗೆ ನಗ್ತಾ ಇರೋನು. ಇವರು ಮನಸ್ಸಲ್ಲೇ ನಿಮ್ಮನ್ನ ಬೈಕೊಳ್ತಾ ನಿಂತಿದ್ದಾರೆ.”

ಡಾಕ್ಟರಮ್ಮನಿಗೆ ಅಷ್ಟು ಸಾಲಲಿಲ್ಲ. ಅರ್ಜಿ ಪೂರ್ತಿ ಓದಿದವನಿಗೆ ಮಾತ್ರ ಗೊತ್ತಿರುವಂಥದ್ದನ್ನು ಕೇಳಬೇಕು. ಕಟಕಟೆಯ ವಕೀಲರ ಹಾಗೆ ಎದುರು ನಿಂತರು.

“ನನ್ನ ಅರ್ಜಿಯ ಮೊದಲ ಪುಟದಲ್ಲಿ, ಅಧ್ಯಯನ ತಪ್ಪಾಗಿರಲು ಹದಿನೈದು ಕಾರಣ ಬರೆದಿದ್ದೀನಿ. ಏಳನೆಯದು ಏನು?”

ಕೇಳಿದ ಮೇಲೆ ಅದು ತಮಗೂ ನೆನಪಿಲ್ಲವೆಂದು ಹೊಳೆಯಿತು. ಗುಮಾಸ್ತ ಫೈಲು ಬಿಚ್ಚಲೂ ಹೋಗಲಿಲ್ಲ. “‘ಅನುಮಾನವೇ ಅಭ್ಯಾಸವಾದ್ದರಿಂದ, ಸಂಶೋಧಕಿಗೆ ಕಣ್ಣೆದುರಿಗೆ ಇರುವುದೇ ಕಾಣದೆ ಹೋಗಬಹುದು.’ ನಾಲ್ಕು ಪ್ರತಿ ಟೈಪ್ ಮಾಡಿದ್ದೀನಿ ಮೇಡಂ, ಬಾಯಿಪಾಠ ಆಗಿದೆ. ಸಮಿತಿಯಲ್ಲಿ ಒಬ್ಬರು ಹೇಳಿದ್ದೂ ಅದನ್ನೇ. ಉಳಿದವರ ಅರ್ಜಿಗಳಲ್ಲಿ ತಪ್ಪು ಹುಡುಕೋದಕ್ಕೆ ನಮಗೆ ಒಂದೊಂದು ದಿನ ಬೇಕಾಯ್ತು, ಈಯಮ್ಮ ಎಲ್ಲ ತಾನೇ ಹುಡುಕಿಕೊಟ್ಟಿದ್ದಾಳೆ, ನಮಗೆ ಉಳಿದಿರೋದು ಒಪ್ಪೋದೊಂದೇ ಕೆಲಸ, ಅಂತ.”

ಡಾಕ್ಟರಮ್ಮ ಗೋಡೆಯ ಕಡೆ ತಿರುಗಿದರು. ಗಡಿಯಾರದಲ್ಲಿ ಮೂರೂವರೆ ದಾಟಿ ಇಪ್ಪತ್ತು ನಿಮಿಷವಾಗಿತ್ತು.

“ಹಾಗಾದ್ರೆ ನೀವ್ಯಾಕೆ ಇಷ್ಟು ದೂರ ಬಂದ್ರಿ?” ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿದಿತ್ತು.

“ನಿಮ್ಮ ಮೇಲಿನ ಪ್ರೀತಿಗಲ್ಲ ಮೇಡಂ. ಅರ್ಜಿ ತಿರಸ್ಕರಿಸೋದಕ್ಕೆ ನಮ್ಮಲ್ಲಿ ನಮೂನೆ ಇದೆ. ಕೊಟ್ಟದ್ದನ್ನ ತಗೊಳ್ಳದೇ ಇರೋರಿಗೆ ನಮೂನೆಯೇ ಇಲ್ಲ. ಯಾಕೆ ತಗೊಳ್ಳಲಿಲ್ಲ ಅಂತ ನಾನು ನನ್ನ ಸ್ವಂತ ವಾಕ್ಯದಲ್ಲಿ ಬರೆಯಬೇಕಾಗುತ್ತೆ. ಅದರ ಬದಲು ಎರಡು ಬಸ್ಸು ಹತ್ತೋದೇ ವಾಸಿ ಅನ್ನಿಸ್ತು.”

ಒಪ್ಪಿಗೆ ಪತ್ರ ಹನ್ನೆರಡು ಪುಟ. ಪ್ರತಿ ಪುಟಕ್ಕೂ ಡಾಕ್ಟರಮ್ಮನ ಸಹಿ, ಕಡೇ ಪುಟಕ್ಕೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಗುಮಾಸ್ತನ ಸ್ವೀಕೃತಿ ಮೊಹರು. ಎಲ್ಲ ಐದರೊಳಗೆ.

ದೊಡ್ಡ ಡಾಕ್ಟ್ರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಂತ್ರದ ಕಲ್ಲು ಅವರ ಕಣ್ಣ ಮುಂದೆ ಬಂದು ಹೋದಂತಿತ್ತು.

“ಬಾಗಿಲ ಅಟೆಂಡರ್ ಬಗ್ಗೆ ಸರ್ಕಾರ ದುಡ್ಡು ಕೊಡುತ್ತಾ? ಇದರಲ್ಲಿ ಏನೋ ಇದೆ. ಇದರಲ್ಲಿ ನನ್ನ ಬಗ್ಗೆ ಏನಾದ್ರೂ ಬರೆದಿದ್ದೀರಾ?”

ಡಾಕ್ಟರಮ್ಮ ಬಾಯಿ ತೆರೆಯುವ ಮುಂಚೆ ಗುಮಾಸ್ತ ಮುಂದೆ ಬಾಗಿದ. “ಸಾರ್, ನಿಮ್ಮ ಸಹಿ ಇಲ್ಲದಿದ್ರೆ ಇಡೀ ಯೋಜನೆಯೇ ನಿಂತುಹೋಗುತ್ತೆ. ನಿಯಮದಲ್ಲೇ ಹಾಗಿದೆ.”

“ಹೌದಾ? ನಿಯಮದಲ್ಲೇ?” ದೊಡ್ಡ ಡಾಕ್ಟ್ರು ಕುರ್ಚಿಯಲ್ಲಿ ಎರಡಂಗುಲ ಎತ್ತರವಾದರು. ಸಹಿ ಮಾಡಲು ತಗೊಂಡದ್ದು ಒಂದು ನಿಮಿಷ. ಅದರ ಕೆಳಗೆ ಡಿಗ್ರಿ ಬರೆಯಲು ಹತ್ತು.

ನಾಲ್ಕೂ ಹದಿನೈದಕ್ಕೆ ಡಾಕ್ಟರಮ್ಮ ಎಮರ್ಜೆನ್ಸಿಯ ಮೇಜಿಗೆ ವಾಪಸು ಬಂದು ಓದಲು ಕೂತರು. ಹೌದು, ಓದಲು. ಅವರು ಹುಟ್ಟಿದಾಗಿನಿಂದ ಓದದೆ ಒಂದು ಕಾಗದಕ್ಕೂ ಸಹಿ ಹಾಕಿದವರಲ್ಲ. ಮದುವೆಯ ನೋಂದಣಿಯ ದಿನ ಅಧಿಕಾರಿ ಊಟಕ್ಕೆ ಎದ್ದು ಹೋಗಿ ಬಂದರೂ ಇವರ ಓದು ಮುಗಿದಿರಲಿಲ್ಲ ಎಂದು ಗಂಡ ಈಗಲೂ ಆಡಿಕೊಳ್ಳುತ್ತಾರೆ. ಎರಡನೇ ಷರತ್ತಿನಲ್ಲಿ ಒಂದು ‘ಇತ್ಯಾದಿ’ ಇತ್ತು. ಏನು ಇತ್ಯಾದಿ? ನಾಲ್ಕನೆಯದರಲ್ಲಿ ‘ಸೂಕ್ತವೆಂದು ಕಂಡುಬಂದಲ್ಲಿ’. ಯಾರಿಗೆ ಕಂಡುಬಂದಲ್ಲಿ?

“ಎಲ್ಲರಿಗೂ ಇದೇ ಕಾಗದ ಮೇಡಂ,” ಎಂದ ಗುಮಾಸ್ತ, ಮೇಜಿನ ಪಕ್ಕ ನಿಂತು. “ಯಾರೂ ಓದಿಲ್ಲ. ನಾನೂ ಓದಿಲ್ಲ.”

“ಅದಕ್ಕೇ ಓದ್ತಿದ್ದೀನಿ.”

ಓದಿದ ಪುಟಕ್ಕೆ ಸಹಿ ಹಾಕುತ್ತ ಆರನೇ ಪುಟ ಮುಗಿಸುವಾಗ ಹಿಂದಿನಿಂದ ಗಾಲಿ ಕಿರುಗುಟ್ಟಿದ ಸದ್ದಾಯಿತು. ಗಾಲಿಯಣ್ಣ ಕುರ್ಚಿ ತಂದು ಗುಮಾಸ್ತನ ಹಿಂದೆ ನಿಲ್ಲಿಸಿದ್ದ.

“ಅವರು ರೋಗಿ ಅಲ್ಲ ಅಂತ ನೀವೇ ಅಂದ್ರಲ್ಲ,” ಎಂದರು ಡಾಕ್ಟರಮ್ಮ, ಪುಟದಿಂದ ಕಣ್ಣೆತ್ತದೆ.

“ಆಗ ಅಲ್ಲ. ಈಗ ಹೌದು.”

“ಏ, ನಾನು ಚೆನ್ನಾಗೇ ಇದ್ದೀನಪ್ಪ,” ಎಂದು ಗುಮಾಸ್ತ ನಕ್ಕ. “ನನಗೇನೂ ಆಗಿಲ್ಲ. ಮೊದ್ಲು ಮೇಡಮ್ಮೋರ ಸಹಿ ಆಗ್ಲಿ.”

ಒಂಬತ್ತನೇ ಷರತ್ತು ಬಹಳ ಉದ್ದವಿತ್ತು, ಮಧ್ಯದಲ್ಲಿ ಇನ್ನೊಂದು ಷರತ್ತು ಹೊಕ್ಕಿತ್ತು. ಡಾಕ್ಟರಮ್ಮ ಬೆರಳಿಟ್ಟು ಓದತೊಡಗಿದರು. ಆಗ ಗಾಲಿಯಣ್ಣ, ಹದಿನೆಂಟು ವರ್ಷದಲ್ಲಿ ಮೊದಲನೇ ಸಲ, ಧ್ವನಿ ಏರಿಸಿದ.

“ಮೇಡಂ. ಕಾಗದ ಬಿಡಿ. ಅವರ ಕೈ ನೋಡಿ.”

ಡಾಕ್ಟರಮ್ಮ ತಲೆ ಎತ್ತಿದರು. ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಲು ನೋಡುತ್ತಿದ್ದ. ಮುಚ್ಚಳ ಪೆನ್ನಿನ ಪಕ್ಕದಲ್ಲಿ ಗಾಳಿಗೆ ತಗಲುತ್ತಿತ್ತು, ಮತ್ತೆ, ಮತ್ತೊಮ್ಮೆ. ಮುಖದಲ್ಲಿ ನಗು ಹಾಗೇ ಇತ್ತು, ಬಡಗಿಯ ಮುಖದಲ್ಲಿದ್ದ ಹಾಗೆ.

ಕುರ್ಚಿ ಅಲ್ಲಿ ಇಲ್ಲದಿದ್ದರೆ ನೆಲಕ್ಕೇ ಬೀಳುತ್ತಿದ್ದ.

ಅಲ್ಲಿಂದ ಮುಂದಿನದು ಡಾಕ್ಟರಮ್ಮನಿಗೆ ಓದದೆ ಬರುವ ವಿದ್ಯೆ. ಬೆರಳಿನಿಂದ ಒಂದು ಹನಿ ರಕ್ತ, ಮೀಟರಿನಲ್ಲಿ ಸಕ್ಕರೆ ಪಾತಾಳದಲ್ಲಿ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡವನು, ಮಧ್ಯಾಹ್ನದ ಊಟ ಬಿಟ್ಟು, ಎರಡು ಬಸ್ಸು ಹತ್ತಿ, ಮುಕ್ಕಾಲು ಗಂಟೆಯಿಂದ ನಿಂತೇ ಇದ್ದಾನೆ. ನರಕ್ಕೆ ಗ್ಲೂಕೋಸ್ ಹೋಯಿತು. ಮಧ್ಯೆ ಒಂದು ಸಲ ಅವನು ಗೊಣಗಿದ್ದು ಕೇಳಿ ನರ್ಸು ಬಾಗಿದಳು. “ಏನಂತೆ?” ಎಂದರು ಡಾಕ್ಟರಮ್ಮ. “‘ಅನುಬಂಧ ಐದು’ ಅಂತಿದ್ದಾರೆ ಮೇಡಂ.”

ಇದನ್ನೆಲ್ಲ ಮಾಡುವಾಗ ಡಾಕ್ಟರಮ್ಮ ಗಡಿಯಾರ ನೋಡಲಿಲ್ಲ. ನಾಲ್ಕು ವರ್ಷದ ಅರ್ಜಿ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಗಾಲಿಯಣ್ಣ ಅದರ ಮೇಲೆ ಬಿಪಿ ಯಂತ್ರ ಇಟ್ಟ.

ಗುಮಾಸ್ತ ಕಣ್ಣು ಬಿಟ್ಟವನೇ, ಉಳಿದ ರೋಗಿಗಳಂತೆ ತಾನು ಎಲ್ಲಿದ್ದೇನೆಂದು ಕೇಳಲಿಲ್ಲ. “ಗಂಟೆ ಎಷ್ಟು?” ಎಂದ.

“ಹತ್ತು ನಿಮಿಷ ಇದೆ,” ಎಂದ ಗಾಲಿಯಣ್ಣ.

ಉಳಿದದ್ದು ಆರು ಪುಟ. ಡಾಕ್ಟರಮ್ಮ ಪೆನ್ನು ಹಿಡಿದು ನಿಂತರು. ಒಂಬತ್ತನೇ ಷರತ್ತಿನ ಹೊಟ್ಟೆಯೊಳಗೆ ಇನ್ನೊಂದು ಷರತ್ತಿತ್ತು, ಅದರೊಳಗೆ ಏನಿತ್ತೋ. ಹತ್ತರಲ್ಲಿ? ಹನ್ನೊಂದರಲ್ಲಿ? ಇಡೀ ಮೈ ಬೇಡ ಬೇಡ ಎನ್ನುತ್ತಿತ್ತು. ಗುಮಾಸ್ತನ ಕಡೆ ನೋಡಿದರು. ಅವನು ಕೈಗೆ ಸೂಜಿ ಚುಚ್ಚಿಸಿಕೊಂಡೇ ಇನ್ನೊಂದು ಕೈಯಿಂದ ಚೀಲದಲ್ಲಿ ಮೊಹರು ಹುಡುಕುತ್ತಿದ್ದ. ಗಾಲಿಯಣ್ಣನ ಕಡೆ ನೋಡಿದರು.

“ನೀವೇನಂತೀರಿ?”

ಗಾಲಿಯಣ್ಣ ಕಾಗದದ ಕಟ್ಟನ್ನು ನೋಡಿದ, ಗುಮಾಸ್ತನನ್ನು ನೋಡಿದ. “ನಡೀತಾರೆ,” ಎಂದ.

ಡಾಕ್ಟರಮ್ಮ ಆರು ಪುಟಕ್ಕೂ ಓದದೆ ಸಹಿ ಹಾಕಿದರು. ಗುಮಾಸ್ತ ಹಾಸಿಗೆಯ ಮೇಲೆ ಕೂತೇ ಮೊಹರು ಒತ್ತಿ, ಪಕ್ಕದಲ್ಲಿ ಸಮಯ ಬರೆದ: ನಾಲ್ಕೂ ಐವತ್ತಾರು. ಮೊಹರು ಸೊಟ್ಟ ಬಿತ್ತು. ಸೋಮವಾರದ ಪತ್ರದಲ್ಲಿದ್ದಷ್ಟೇ ಸೊಟ್ಟ.

ಅವನಿಗೆ ಬಿಸ್ಕತ್ತು, ಟೀ ತರಿಸಿ ಕೊಟ್ಟ ಮೇಲೆ ಡಾಕ್ಟರಮ್ಮ ಇನ್ನೊಂದು ಕಾಗದ ತೆಗೆದರು. ಅಧ್ಯಯನಕ್ಕೆ ಗಾಲಿಯಣ್ಣನ ಒಪ್ಪಿಗೆ ಬೇಕು. ಇನ್ನು ಮೇಲೆ ಕಂಬದ ಮರೆ ಇಲ್ಲ, ಎದುರಿಗೇ ನಿಂತು ಬರೆಯುವುದು. ಎಲ್ಲವನ್ನೂ ವಿವರಿಸಿ ಪೆನ್ನು ಮುಂದೆ ಚಾಚಿದರು. ಗಾಲಿಯಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

“ಮನೇಲಿ ಮಗಳ ಹತ್ರ ಓದಿಸ್ತೀನಿ ಮೇಡಂ. ಅವಳು ಸರಿ ಅಂದ್ರೆ ಸೋಮವಾರ ಹಾಕ್ತೀನಿ.”

“ನನ್ನ ಮೇಲೆ ಅನುಮಾನನಾ?”

“ಹದಿನೆಂಟು ವರ್ಷ ನಿಮ್ಮನ್ನ ನೋಡಿದ್ದೀನಲ್ಲ. ಅಷ್ಟಾದ್ರೂ ಕಲೀಬೇಡ್ವಾ?”

ಅವನು ಬಾಗಿಲಿಗೆ ಹೋದ. ಡಾಕ್ಟರಮ್ಮ ಚೀಲದಿಂದ ಅರ್ಜಿಯ ತಮ್ಮ ಪ್ರತಿಯನ್ನು ತೆಗೆದು, ಮೊದಲ ಪುಟದಲ್ಲಿ ಏಳನೆಯ ಕಾರಣದ ಎದುರಿಗೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿದರು. ಅಧ್ಯಯನ ಇನ್ನೂ ಶುರುವಾಗಿರಲಿಲ್ಲ, ಆದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದು ಪಕ್ಕದಲ್ಲಿ ಬರೆದರು. ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿ, ಅಳಿಸಿದರು.

ಮೊಹರು ಐದರೊಳಗೆ ಬಿದ್ದಿದ್ದರಿಂದ ಬ್ಯಾಂಕಿನ ನಂಬರು ಆಮೇಲೆ ತುಂಬಿದರೂ ಆಗುತ್ತದೆ ಎಂದಿದ್ದ ಗುಮಾಸ್ತ, ಟೀ ಮುಗಿಸಿ ಅದಕ್ಕೇ ಕಾಯುತ್ತಿದ್ದ. ಡಾಕ್ಟರಮ್ಮ ವಾರ್ಡಿನ ಫೋನಿನಿಂದ ಮನೆಗೆ ಫೋನ್ ಮಾಡಿದರು. ಮನಸ್ಸು ತುಂಬಿ ಬಂದಿತ್ತು, ಧ್ವನಿ ಎಂದಿನಂತಿರಲಿಲ್ಲ.

“ಅತ್ತೆ, ನಾನು. ಒಂದು ಸಂತೋಷದ ಸುದ್ದಿ. ಸರ್ಕಾರದಿಂದ ಅನುದಾನ ಬಂತು! ಬೇಗ ನನ್ನ ಬೀರುವಿನಿಂದ ಬ್ಯಾಂಕ್ ಪುಸ್ತಕ ತೆಗೆದು ನಂಬರ್ ಹೇಳಿ, ಇವರು ಕಾಯ್ತಾ ಇದ್ದಾರೆ.”

ಆ ಕಡೆ ಅತ್ತೆ ಗೋಡೆಯ ಮೇಲಿನ ಕಾಗದವನ್ನು ಮೇಲಿಂದ ಕೆಳಗೆ ಓದುತ್ತಿದ್ದಾರೆಂಬುದು ಉಸಿರಿನಲ್ಲೇ ತಿಳಿಯುತ್ತಿತ್ತು.

“ಪರವಾಗಿಲ್ಲ ಕಣಯ್ಯಾ,” ಎಂದರು ಅತ್ತೆ ಕೊನೆಗೆ. “ಧ್ವನಿ ಚೆನ್ನಾಗೇ ಕದ್ದಿದ್ದೀಯ. ಆದ್ರೆ ನನ್ನ ಸೊಸೆ ಯಾವತ್ತೂ ಇಷ್ಟು ಖುಷಿಯಾಗಿ ಮಾತಾಡೋಲ್ಲ. ಇಡು ಫೋನು.”